ಅಲ್ಯೂಮಿನಿಯಂ ಕೂಲಿಂಗ್ ಪ್ಲೇಟು ತೂತಾಗೋದನ್ನು ತಡೆದಿದ್ದು ಹೀಗೆ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ತಣ್ಣೀರು ಸುತ್ತುವ ನಮ್ಮ ಚಿಲ್ಲರ್ ಲೈನಿನಲ್ಲಿ ಪ್ಲೇಟುಗಳು ಅಲ್ಯೂಮಿನಿಯಂ, ಪೈಪು ತಾಮ್ರ. ಹೊರಗೆ ಚೆನ್ನಾಗಿಯೇ ಕಾಣುತ್ತಿದ್ದ ಪ್ಲೇಟುಗಳು ಒಂದೊಂದಾಗಿ ಸೋರತೊಡಗಿದವು. ಒಂದನ್ನು ಸೀಳಿಸಿ ನೋಡಿದೆ. ಒಳಗೆ ಅಲ್ಲಲ್ಲಿ ಬಿಳಿ ಪುಡಿ ಕಟ್ಟಿತ್ತು. ಕೆರೆದರೆ ಕೆಳಗೆ ಗುಳಿ. ಸುತ್ತಲಿನ ಲೋಹಕ್ಕೆ ಏನೂ ಆಗಿರಲಿಲ್ಲ. ಪಿಟ್ಟಿಂಗ್ ಅಂದರೆ ಇದೇ.

ಅಲ್ಯೂಮಿನಿಯಂ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ತಾನಾಗಿಯೇ ಬೆಳೆಯುತ್ತದೆ. ನೀರಿನ ಪಿಎಚ್ ಸುಮಾರು 4ರಿಂದ 8.5ರ ಒಳಗಿದ್ದರೆ ಅದು ಕರಗುವುದಿಲ್ಲ. ಆದರೆ ನೀರಿನ ಉಪ್ಪಿನಲ್ಲಿರುವ ಕ್ಲೋರೈಡ್ ಅದನ್ನು ಅಲ್ಲಲ್ಲಿ ಒಡೆಯುತ್ತದೆ. ಪೈಪಿನಿಂದ ಕರಗಿ ಬಂದ ತಾಮ್ರ ಪ್ಲೇಟಿನ ಮೇಲೆ ಕೂತರಂತೂ ಅಲ್ಲೇ ಪುಟ್ಟ ಬ್ಯಾಟರಿ ಆದ ಹಾಗೆ. ಗುಳಿ ಆಳಕ್ಕೆ ಇಳಿಯುತ್ತಲೇ ಹೋಗುತ್ತದೆ.

ನಮ್ಮ ಲೈನಿನಲ್ಲಿದ್ದದ್ದು ಕ್ಲೋರೈಡ್ ಇರುವ ಬೋರ್‌ವೆಲ್ ನೀರು, ಜೊತೆಗೆ ಉಕ್ಕಿನ ಪೈಪಿಗೆ ಅಂತಲೇ ಮಾಡಿದ ನೈಟ್ರೈಟ್ ಇನ್ಹಿಬಿಟರ್, ಅಂದರೆ ಸವೆತ ತಡೆಯುವ ರಾಸಾಯನಿಕ. ಪಿಎಚ್ 9 ದಾಟಿತ್ತು. ಉಕ್ಕಿಗೆ ಅದು ಒಳ್ಳೆಯದೇ, ಅಲ್ಯೂಮಿನಿಯಂಗೆ ಅಲ್ಲ.

ಎಲ್ಲ ನೀರು ಬಸಿದು, ಆರ್‌ಒ ನೀರಿನಲ್ಲಿ ಲೈನ್ ತೊಳೆಸಿದೆ. ಆಳವಾಗಿ ಗುಳಿ ಬಿದ್ದ ಪ್ಲೇಟುಗಳನ್ನು ಬದಲಿಸಿದೆ, ಯಾಕೆಂದರೆ ಪುಡಿ ಮುಚ್ಚಿದ ಗುಳಿಯ ತಳಕ್ಕೆ ಇನ್ಹಿಬಿಟರ್ ಸರಿಯಾಗಿ ತಲುಪುವುದಿಲ್ಲ. ಆಮೇಲೆ ಮಾಲಿಬ್ಡೇಟ್, ಸಿಲಿಕೇಟ್, ಟೋಲಿಲ್‌ಟ್ರಯಜೋಲ್ ಸೇರಿದ ಇನ್ಹಿಬಿಟರ್ ಹಾಕಿದೆ. ಮೊದಲೆರಡು ಅಲ್ಯೂಮಿನಿಯಂ ಪದರವನ್ನು ಕಾಯುತ್ತವೆ. ಮೂರನೆಯದು ತಾಮ್ರಕ್ಕೆ ಅಂಟಿಕೊಂಡು ಅದು ಕರಗದಂತೆ ತಡೆಯುತ್ತದೆ. ನನ್ನ ಪ್ರಕಾರ ಇಂಥ ಮಿಶ್ರ ಲೈನಿನಲ್ಲಿ ಮೂರನೆಯದೇ ಮುಖ್ಯ. ಹಿಂದೆ ಕ್ರೋಮೇಟ್ ಬಳಸುತ್ತಿದ್ದರು, ಕೆಲಸವೂ ಚೆನ್ನಾಗಿ ಮಾಡುತ್ತಿತ್ತು. ಅದು ಕ್ಯಾನ್ಸರ್ ತರುವ ವಸ್ತು. ಹುಡುಗರು ಬರಿಗೈಯಲ್ಲಿ ಮುಟ್ಟುವ ನೀರಿಗೆ ಅದು ಬೇಡವೇ ಬೇಡ.

ಮಾಲಿಬ್ಡೇಟ್ ದುಬಾರಿ. "ಅರ್ಧ ಹಾಕಿದ್ರೆ ಸಾಲಲ್ವಾ?" ಅಂತ ಮಾಲೀಕರು ಕೇಳಿದರು. "ಸಾಲಲ್ಲ ಸಾರ್, ಇನ್ನೂ ಕೆಡುತ್ತೆ" ಅಂದೆ. ಡೋಸ್ ಕಡಿಮೆಯಾದರೆ ಹೆಚ್ಚಿನ ಜಾಗಕ್ಕೆ ರಕ್ಷಣೆ ಸಿಗುತ್ತದೆ, ಉಳಿದ ಕೆಲವೇ ಕಡೆ ಸವೆತವೆಲ್ಲ ಒಟ್ಟಾಗುತ್ತದೆ. ಗುಳಿಗಳು ಕಡಿಮೆ ಆಗಬಹುದು, ಆದರೆ ಬೇಗ ತೂತಾಗುತ್ತವೆ. ಸೋರಿದಾಗೆಲ್ಲ ಸುಮ್ನೆ ನೀರು ತುಂಬಿಸಿದರೂ ಇದೇ ಕಥೆ. ಅದಕ್ಕೇ ಈಗ ಟೆಸ್ಟ್ ಕಿಟ್‌ನಲ್ಲಿ ಮಾಲಿಬ್ಡೇಟ್ ನೋಡಿಯೇ ಟಾಪ್‌ಅಪ್.

ಲೈನಿನಲ್ಲಿ ಪ್ಲೇಟಿನದೇ ಅಲಾಯ್‌ನ (ಮಿಶ್ರಲೋಹದ) ಸಣ್ಣ ತುಂಡು ತೂಗುಹಾಕಿದ್ದೇನೆ. ಆಗಾಗ ತೆಗೆದು ಮೈಕ್ರೋಸ್ಕೋಪಿನಲ್ಲಿ ಗುಳಿಯ ಆಳ ನೋಡುತ್ತೇನೆ. ಬರೀ ತೂಕ ನೋಡಿದರೆ ಸಾಲದು, ಪ್ಲೇಟು ತೂತಾಗಲು ಕಳೆಯಬೇಕಾದ ಲೋಹ ತೀರಾ ಕಡಿಮೆ. ಟ್ಯಾಂಕಿನ ಪಕ್ಕದಲ್ಲಿದ್ದ ಬೋರ್‌ವೆಲ್ ನಲ್ಲಿಯನ್ನಂತೂ ಕೀಳಿಸಿಬಿಟ್ಟೆ.