ಗಣಿ ರಾಯಲ್ಟಿ ಹಂಚೋ ಸೂತ್ರ ಬರೆದ ನನ್ನ ಅನುಭವ

ತೆಗೆದ ಖನಿಜಕ್ಕೆ ಕಂಪನಿ ಸರ್ಕಾರಕ್ಕೆ ಕಟ್ಟೋ ದುಡ್ಡು, ಅಂದ್ರೆ ರಾಯಲ್ಟಿಯಲ್ಲಿ, ಗಣಿ ಇರೋ ಪ್ರದೇಶಕ್ಕೆ ಎಷ್ಟು, ರಾಜ್ಯದ ಬೊಕ್ಕಸಕ್ಕೆ ಎಷ್ಟು ಅಂತ ಲೆಕ್ಕ ಹಾಕೋ ತಂಡದಲ್ಲಿ ನಾನು ನಾಲ್ಕು ವರ್ಷ ಕೆಲಸ ಮಾಡಿದೀನಿ. ಸೇರಿದ ಮೊದಲ ವಾರದಿಂದ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಪರ್ಸೆಂಟ್ ಎಷ್ಟು ಇಡ್ತೀರಿ ಅಂತ. ಗಣಿ ಪ್ರದೇಶದವರು 50 ಕೊಡಿ ಅನ್ನೋರು, ಹಣಕಾಸಿನ ಕಡೆಯವರು 10 ದಾಟಿದ್ರೆ ಬಜೆಟ್ ಏರುಪೇರಾಗುತ್ತೆ ಅನ್ನೋರು. ನಾನೂ ಅದೇ ದೊಡ್ಡ ಪ್ರಶ್ನೆ ಅಂತ ನಂಬಿಕೊಂಡು, ಬೇರೆ ಬೇರೆ ದೇಶದ ಅಂಕಿಗಳನ್ನೆಲ್ಲ ಒಂದು ಶೀಟಲ್ಲಿ ತುಂಬಿಕೊಂಡು ಕೂತೆ.

ನೈಜೀರಿಯಾದ 1999ರ ಸಂವಿಧಾನ ಸಂಪನ್ಮೂಲದ ಆದಾಯದಲ್ಲಿ ಅದು ಹುಟ್ಟಿದ ರಾಜ್ಯಕ್ಕೆ ಕನಿಷ್ಠ 13 ಪರ್ಸೆಂಟ್ ಅನ್ನುತ್ತೆ. ಇಂಡೋನೇಷ್ಯಾ 1999ರ ಕಾನೂನಲ್ಲಿ ತೈಲಕ್ಕೆ 15, ಗ್ಯಾಸ್‌ಗೆ 30 ಅಂತ ಇಡ್ತು, ಅಚೆ ಪ್ರಾಂತ್ಯಕ್ಕೆ 2005ರ ಶಾಂತಿ ಒಪ್ಪಂದದಲ್ಲಿ 70. ಪೆರುನಲ್ಲಿ 50. ಭಾರತದಲ್ಲಿ 2015ರ ತಿದ್ದುಪಡಿ ಆದ್ಮೇಲೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ, ಅಂದ್ರೆ ಗಣಿಯಿಂದ ತೊಂದರೆಯಾದ ಜನಕ್ಕೆ ಅಂತ ಇರೋ ಜಿಲ್ಲಾ ನಿಧಿಗೆ, ಹಳೇ ಲೀಸ್ ಆದ್ರೆ ರಾಯಲ್ಟಿಯ 30, ಹರಾಜಲ್ಲಿ ಕೊಟ್ಟಿದ್ದಾದ್ರೆ 10. ಸಾಲಾಗಿ ಇಟ್ಟು ನೋಡಿದ್ರೆ ಪೆರು ಭಾರಿ ಧಾರಾಳಿ ಅನ್ಸುತ್ತೆ. ಆದ್ರೆ ಪೆರು ಕೊಡೋ 50 ಕಂಪನಿ ಕಟ್ಟೋ ಆದಾಯ ತೆರಿಗೆಯಲ್ಲಿ, ರಾಯಲ್ಟಿಯಲ್ಲಿ ಅಲ್ಲ, ಅಂದ್ರೆ ಲಾಭ ಇಲ್ಲದ ವರ್ಷ ಗಣಿ ಜೋರಾಗಿ ನಡೀತಿದ್ರೂ ಆ ಪಾಲು ಬರಲ್ಲ. ಭಾರತದ 30 ಕಂಪನಿ ರಾಯಲ್ಟಿ ಮೇಲೆ ಹೆಚ್ಚುವರಿಯಾಗಿ ಕಟ್ಟೋದು, ರಾಜ್ಯದ ಪಾಲಿಂದ ಮುರಿಯೋದಲ್ಲ. ಒಂದೊಂದೂ ಬೇರೆ ಬೇರೆ ಗಾತ್ರದ ಪಾತ್ರೆ, ನಾನು ಬರೀ ಸೌಟು ಎಣಿಸ್ತಾ ಕೂತಿದ್ದೆ. ಆ ಶೀಟನ್ನ ಪಕ್ಕಕ್ಕಿಟ್ಟ ಮೇಲೇನೇ ನನ್ನ ನಿಜವಾದ ಕೆಲಸ ಶುರುವಾಗಿದ್ದು.

ನನ್ನ ಮೊದಲ ಡ್ರಾಫ್ಟ್ ಸರಳವಾಗಿತ್ತು. ಯಾವ ತಾಲೂಕಿಂದ ಎಷ್ಟು ಟನ್ ಅದಿರು ಹೊರಗೆ ಹೋಯ್ತೋ ಅದೇ ಪ್ರಮಾಣದಲ್ಲಿ ದುಡ್ಡು. ಇದನ್ನ ಓದಿದ ಹಿರಿಯ ಸಹೋದ್ಯೋಗಿಯೊಬ್ರು ನನ್ನ ಕೂರಿಸಿಕೊಂಡು ಪೆರು ದೇಶದ ಮೊಕೆಗುವಾ ಗಲಾಟೆ ಬಗ್ಗೆ ಹೇಳಿದ್ರು. ಅಲ್ಲಿ ಅಕ್ಕಪಕ್ಕದ ಎರಡು ಪ್ರದೇಶ, ಮೊಕೆಗುವಾ ಮತ್ತು ತಾಕ್ನಾ, ಎರಡರಲ್ಲೂ ಒಂದೇ ಕಂಪನಿಯ ತಾಮ್ರದ ಗಣಿ. ಪಾಲು ಹಂಚ್ತಿದ್ದಿದ್ದು ಎಷ್ಟು ತಾಮ್ರ ಸಿಕ್ತು ಅಂತ ನೋಡಿ ಅಲ್ಲ, ಎಷ್ಟು ಮಣ್ಣು ಕಲ್ಲು ಅಗೆದು ತೆಗೆದ್ರು ಅಂತ ನೋಡಿ. ತಾಕ್ನಾ ಕಡೆ ಜಾಸ್ತಿ ಅಗೀತಿದ್ರು, ಅದಕ್ಕೆ ಅವರಿಗೆ ಜಾಸ್ತಿ ಹೋಗ್ತಿತ್ತು. 2008ರ ಜೂನ್‌ನಲ್ಲಿ ಮೊಕೆಗುವಾ ಜನ ಸೇತುವೆ ಬಂದ್ ಮಾಡಿ ಕೂತ್ರು, ಪೊಲೀಸರನ್ನೇ ಹಿಡಿದಿಟ್ಕೊಂಡ್ರು. ಪರ್ಸೆಂಟ್ ಬಗ್ಗೆ ಜಗಳಾನೇ ಇರಲಿಲ್ಲ, ಯಾವುದನ್ನ ಅಳೀಬೇಕು ಅನ್ನೋದೇ ಜಗಳ. ಇದನ್ನ ಕೇಳಿದ ಮೇಲೆ ನಾನು ನಮ್ಮ ಟನ್ ಎಲ್ಲಿ ಹುಟ್ಟುತ್ತೆ ಅಂತ ನೋಡ್ಲೇಬೇಕು ಅಂತ ಲಾರಿ ತೂಕ ಹಾಕೋ ವೇಬ್ರಿಡ್ಜ್‌ಗೆ ಹೋದೆ.

ಅಲ್ಲಿ ಕೊಟ್ಟ ಸ್ಲಿಪ್ ಇನ್ನೂ ಕಣ್ಮುಂದೆ ಇದೆ. ಲಾರಿ ನಂಬರ್, ಒಟ್ಟು ತೂಕ, ಖಾಲಿ ಲಾರಿ ತೂಕ, ನಿವ್ವಳ ತೂಕ, ಅದಿರಿನ ಗ್ರೇಡ್, ಕೊನೇಲಿ ತೇವಾಂಶ ಅಂತ ಒಂದು ಕಾಲಂ. ಆ ಕಾಲಂ ಖಾಲಿ. ಕಟ್ಟು ಕಟ್ಟು ಹಳೇ ಸ್ಲಿಪ್ ತಿರುವಿ ಹಾಕಿದೆ, ಎಲ್ಲದರಲ್ಲೂ ಖಾಲಿ. ಮಳೆಗಾಲದ ಅದಿರಲ್ಲಿ ನೀರು ಇರುತ್ತೆ, 100 ಟನ್ ಲೋಡಲ್ಲಿ 8 ಪರ್ಸೆಂಟ್ ನೀರಿದ್ರೆ ಒಣ ಅದಿರು 92 ಟನ್ ಮಾತ್ರ. ರಾಯಲ್ಟಿ ಕಟ್ಟಿಸ್ಕೊಳ್ಳೋದು ಒಣ ತೂಕದ ಮೇಲೆ, ಹಾಗಾದ್ರೆ ಆ ನೀರೆಷ್ಟು ಅಂತ ಯಾರು ಅಳೆದ್ರು? ವಿಚಾರಿಸಿದ್ರೆ ಕಂಪನಿ ಲ್ಯಾಬ್ ತಿಂಗಳಿಗೊಂದು ಸರಾಸರಿ ಕಳಿಸುತ್ತೆ, ಅದನ್ನೇ ಇಡೀ ತಿಂಗಳಿಗೆ ಹಾಕ್ತಾರೆ ಅಂತ ಗೊತ್ತಾಯ್ತು. ಮೋಸ ಆಗಿತ್ತು ಅಂತ ನಾನು ಹೇಳ್ತಿಲ್ಲ, ಆದ್ರೆ ಪಾಲು ಪಡೆಯೋ ಕಡೆಯವರು ಯಾರೂ ಆ ಅಳತೆ ಆಗೋವಾಗ ಪಕ್ಕದಲ್ಲಿ ಇರಲಿಲ್ಲ, ಅದು ಸತ್ಯ. ಅದಕ್ಕೆ ನಾವು ನಿಯಮದಲ್ಲಿ ಪರ್ಸೆಂಟ್ ಬರೆಯೋಕೆ ಮುಂಚೆ ಸ್ಯಾಂಪಲ್ ನಿಯಮ ಬರೆದ್ವಿ. ಸ್ಯಾಂಪಲ್ ಮೂರು ಭಾಗ, ಒಂದು ಕಂಪನಿಗೆ, ಒಂದು ಇಲಾಖೆಗೆ, ಒಂದು ಸೀಲ್ ಮಾಡಿ ಸ್ಥಳೀಯ ಸಂಸ್ಥೆ ಹತ್ರ. ತಕರಾರು ಬಂದ್ರೆ ಮೂರನೇದನ್ನ ಒಡೆಯೋದು. ಇಷ್ಟಕ್ಕೇ ಒಂಬತ್ತು ತಿಂಗಳು ಹಿಡೀತು, ಆದ್ರೆ ನಾನು ಮಾಡಿದ ಕೆಲಸದಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟಿದ್ದು ಇದೇ.

ಆಮೇಲೆ ಬಂದಿದ್ದು ಉತ್ಪಾದಕ ಪ್ರದೇಶ ಅಂದ್ರೆ ಯಾವುದು ಅನ್ನೋ ಪ್ರಶ್ನೆ. ಲೀಸ್ ಇರೋ ತಾಲೂಕು ಅಂತ ನಾನು ಬರೆದಿದ್ದೆ. ನಕ್ಷೆ ಹಾಸ್ಕೊಂಡು ನೋಡಿದ್ರೆ ಗಣಿ ಗುಂಡಿ ಒಂದು ತಾಲೂಕಲ್ಲಿ, ಅದಿರು ತೊಳೆದ ಕೆಸರಿನ ಕಟ್ಟೆ ಪಕ್ಕದ್ದರಲ್ಲಿ, ಲಾರಿ ಓಡಾಡೋ ರಸ್ತೆ ಮೂರನೇದರಲ್ಲಿ. ರಸ್ತೆ ಇರೋ ತಾಲೂಕಿನ ಒಬ್ಬ ಹೆಣ್ಮಗಳು ಸಭೇಲಿ ಎದ್ದು ನಿಂತು, "ಸಾರ್, ನಮ್ಮಲ್ಲಿ ಅದಿರಿಲ್ಲ, ಬರೀ ಧೂಳಿದೆ, ಧೂಳಿಗೆ ನಿಮ್ಮ ಲೆಕ್ಕದಲ್ಲಿ ಕಾಲಂ ಇದೆಯಾ?" ಅಂದ್ರು. ಇರಲಿಲ್ಲ. ಇಂಡೋನೇಷ್ಯಾದವರು ತೈಲದ ಆ 15ನ್ನ ಮೂರಾಗಿ ಒಡೆದಿದ್ರು, 3 ಪ್ರಾಂತ್ಯಕ್ಕೆ, 6 ಬಾವಿ ಇರೋ ಜಿಲ್ಲೆಗೆ, 6 ಅದೇ ಪ್ರಾಂತ್ಯದ ಉಳಿದ ಜಿಲ್ಲೆಗಳಿಗೆ. ನಾವೂ ಅದೇ ದಾರಿ ಹಿಡಿದ್ವಿ, ಆದ್ರೆ ಉಳಿದವರಿಗೆ ಸಮನಾಗಿ ಹಂಚದೆ, ಹಾನಿ ಎಲ್ಲೆಲ್ಲಿ ಆಗುತ್ತೆ ಅನ್ನೋದನ್ನ ನಕ್ಷೆ ಮೇಲೆ ಗುರುತು ಮಾಡಿ ಆ ಪ್ರಕಾರ ಕೊಟ್ವಿ.

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಗಣಿ ಪ್ರದೇಶಕ್ಕೆ ಕೊಡೋ ದುಡ್ಡಲ್ಲಿ ಎರಡು ಬೇರೆ ಬೇರೆ ವಿಷಯ ಸೇರ್ಕೊಂಡಿರುತ್ತೆ, ಒಂದು ಹಾನಿಗೆ ಪರಿಹಾರ, ಇನ್ನೊಂದು ಸಂಪತ್ತಲ್ಲಿ ಪಾಲು. ಹಾನಿ ಪರಿಹಾರ ಮೊದಲು ಹೋಗ್ಬೇಕು, ಬೆಲೆ ಬಿದ್ದಿರಲಿ ಏರಿರಲಿ, ಯಾಕಂದ್ರೆ ಧೂಳು ಮಾರ್ಕೆಟ್ ರೇಟ್ ನೋಡ್ಕೊಂಡು ಏಳಲ್ಲ. ಅದಾದ್ಮೇಲೆ ಉಳಿದದ್ದನ್ನ ಇಡೀ ರಾಜ್ಯ ಹಂಚ್ಕೊಳ್ಳಲಿ, ಅದಿರನ್ನ ನೆಲದೊಳಗೆ ಯಾರೂ ಇಟ್ಟಿದ್ದಲ್ಲ, ಗಣಿ ಇಲ್ಲದ ಬಡ ತಾಲೂಕಿನ ಮಗುಗೂ ಅದರಲ್ಲಿ ಹಕ್ಕಿದೆ. ಈ ಎರಡನ್ನೂ ಒಂದೇ ಪರ್ಸೆಂಟಲ್ಲಿ ಕಲಸಿಬಿಟ್ರೆ ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳೋದು ಪರಿಹಾರಕ್ಕೇ. ನೈಜೀರಿಯಾಗೆ ಸ್ವಾತಂತ್ರ್ಯ ಬಂದಾಗ ಖನಿಜ ರಾಯಲ್ಟಿಯ 50 ಪರ್ಸೆಂಟ್ ಅದು ಹುಟ್ಟಿದ ಪ್ರಾಂತ್ಯಕ್ಕೆ ಹೋಗ್ತಿತ್ತು, 1980ರ ದಶಕದಲ್ಲಿ ಆ ಪಾಲು 1.5ಕ್ಕೆ ಬಂದು ನಿಂತಿತ್ತು. ತೈಲ ಇದ್ದ ನೈಜರ್ ನದಿ ಡೆಲ್ಟಾದ ಜನ ಸಂಖ್ಯೆಯಲ್ಲಿ ಕಡಿಮೆ, ಅವರ ದನಿ ರಾಜಧಾನಿ ಮುಟ್ಟೋಕೆ ಎಷ್ಟು ವರ್ಷ, ಎಷ್ಟು ಜೀವ ಬೇಕಾಯ್ತು ನೋಡಿ. ಅದಕ್ಕೇ ಕನಿಷ್ಠ ಪಾಲು ಕಾನೂನಲ್ಲೇ ಇರಬೇಕು, ವರ್ಷ ವರ್ಷ ಬಜೆಟಲ್ಲಿ ಯಾರೋ ನಿರ್ಧಾರ ಮಾಡೋ ಹಾಗಿರಬಾರದು ಅಂತ ನಾನು ಹಠ ಹಿಡಿದೆ.

ಇಷ್ಟೆಲ್ಲ ಆಗಿ ಮೊದಲ ವರ್ಷದ ಪಾಲು ಬಿಡುಗಡೆ ಆಯ್ತು. ಎರಡು ತಿಂಗಳಾದ್ಮೇಲೆ ಒಂದು ಸ್ಥಳೀಯ ಸಂಸ್ಥೆಯ ಅಕೌಂಟೆಂಟ್ ಫೋನ್ ಮಾಡಿ, "ಸಾರ್, ದುಡ್ಡು ಬಂತು, ಆದ್ರೆ ನಮ್ಮ ಒಟ್ಟು ಜಮೆ ಹೋದ ವರ್ಷದಷ್ಟೇ ಇದೆ" ಅಂದ್ರು. ಎರಡು ವರ್ಷದ ಲೆಕ್ಕ ಅಕ್ಕಪಕ್ಕ ಇಟ್ಟು ನೋಡಿದಾಗ ಗೊತ್ತಾಯ್ತು, ರಾಯಲ್ಟಿ ಪಾಲು ಎಷ್ಟು ಬಂತೋ ಹೆಚ್ಚು ಕಡಿಮೆ ಅಷ್ಟೇ ಸಾಮಾನ್ಯ ಅನುದಾನದಲ್ಲಿ ಮುರ್ಕೊಂಡಿದ್ರು. ನಿಮಗೆ ಸ್ವಂತ ಆದಾಯ ಬಂತಲ್ಲ, ಅನುದಾನ ಯಾಕೆ ಅನ್ನೋದು ಅನುದಾನ ಕೊಡೋ ಕಚೇರಿಯ ವಾದ. ಅವತ್ತು ನನಗೆ ನಿಜಕ್ಕೂ ತುಂಬಾ ಬೇಜಾರಾಯ್ತು, ಮೂರು ವರ್ಷ ಊರೂರು ಸುತ್ತಿ ನಿಮ್ಮ ಪಾಲು ನಿಮಗೆ ಬರುತ್ತೆ ಅಂತ ಮಾತು ಕೊಟ್ಟವನು ನಾನು. ಆ ವಾದದಲ್ಲಿ ಸ್ವಲ್ಪ ನ್ಯಾಯ ಇದೆ ಅಂತಲೂ ಒಪ್ಕೋತೀನಿ, ಗಣಿ ಇರೋರಿಗೆ ಎರಡೂ ಕಡೆಯಿಂದ ಪೂರ್ತಿ ಕೊಟ್ರೆ ಇಲ್ಲದೋರು ಹಿಂದೆ ಬೀಳ್ತಾರೆ. ಕೆನಡಾದಲ್ಲಿ ಇದೇ ತಿಕ್ಕಾಟ ಬಂದು, 2007ರಲ್ಲಿ ಹಿಂದುಳಿದ ಪ್ರಾಂತ್ಯಗಳನ್ನ ಉಳಿದವರ ಸಮಕ್ಕೆ ತರೋಕೆ ಕೇಂದ್ರ ಕೊಡೋ ಸಮೀಕರಣ ಅನುದಾನದ ಲೆಕ್ಕಕ್ಕೆ ಸಂಪನ್ಮೂಲ ಆದಾಯದ ಅರ್ಧ ಮಾತ್ರ ಸೇರಿಸೋ ವ್ಯವಸ್ಥೆ ಮಾಡಿದ್ರು. ನಾವು ಅದನ್ನ ತೋರಿಸಿ ವಾದ ಮಾಡಿದ್ವಿ, ಕೊನೆಗೆ ಪರಿಹಾರದ ಭಾಗವನ್ನ ಅನುದಾನದ ಲೆಕ್ಕದಿಂದ ಪೂರ್ತಿ ಹೊರಗಿಟ್ರು, ಸಂಪತ್ತಿನ ಪಾಲಲ್ಲಿ ಅರ್ಧ ಲೆಕ್ಕಕ್ಕೆ ತಗೊಂಡ್ರು. ಎರಡನ್ನೂ ಮೊದಲೇ ಬೇರೆ ಮಾಡಿ ಬರೆದಿದ್ದು ಇಲ್ಲಿ ಕೈ ಹಿಡೀತು.

ಬೆಲೆ ಏರಿಳಿತದ ಬಗ್ಗೆ ಜಾಸ್ತಿ ಹೇಳಲ್ಲ, 2014ರ ಮಧ್ಯದಲ್ಲಿ 110 ಡಾಲರ್ ಮೇಲಿದ್ದ ಬ್ಯಾರೆಲ್ ತೈಲ 2016ರ ಜನವರಿಗೆ 30ಕ್ಕಿಂತ ಕೆಳಗೆ ಹೋಗಿದ್ದು ಗೊತ್ತಿದ್ರೆ ಸಾಕು. ಸಣ್ಣ ಸಂಸ್ಥೆಗಳು ಅಂಥ ಹೊಡೆತ ತಡ್ಕೊಳ್ಳಲ್ಲ, ಒಳ್ಳೇ ವರ್ಷ ಆಸ್ಪತ್ರೆ ಕಟ್ಟಿ ಕೆಟ್ಟ ವರ್ಷ ನರ್ಸ್ ಸಂಬಳ ಕೊಡಕ್ಕಾಗದೆ ಬಾಗಿಲು ಹಾಕ್ತಾರೆ. ಅದಕ್ಕೆ ಮೂರು ವರ್ಷದ ಸರಾಸರಿ ಮೇಲೆ ಕಂತು ಕೊಟ್ವಿ, ಮಿಕ್ಕಿದ್ದು ಅವರ ಹೆಸರಲ್ಲೇ ಬೇರೆ ಖಾತೇಲಿ ಉಳೀತು.

ಕೊನೇದಾಗಿ ಒಂದು ಹಾಳೆ ವಿಷಯ. ಪ್ರತಿ ಮೂರು ತಿಂಗಳಿಗೆ ಒಂದೇ ಪುಟದಲ್ಲಿ, ಒಣ ಟನ್ ಎಷ್ಟು, ದರ ಎಷ್ಟು, ಒಟ್ಟು ರಾಯಲ್ಟಿ ಎಷ್ಟು, ನಿಮ್ಮ ಭಾಗ ಎಷ್ಟು, ಯಾವ ತಾರೀಕು ಖಾತೆಗೆ ಬಂತು ಅಂತ ಬರೆದು ಪ್ರತಿ ಸ್ಥಳೀಯ ಸಂಸ್ಥೆ ಬಾಗಿಲಿಗೆ ಅಂಟಿಸೋ ವ್ಯವಸ್ಥೆ ಮಾಡಿದ್ವಿ. ಇದನ್ನ ಯಾರು ಓದ್ತಾರೆ ಅಂತ ನಮ್ಮಲ್ಲೇ ಕೆಲವರು ಅಂದಿದ್ರು. ನಾನು ಆ ಕೆಲಸ ಬಿಡೋಕೆ ಮುಂಚಿನ ಕಂತಲ್ಲಿ, ಒಬ್ಬ ನಿವೃತ್ತ ಮೇಷ್ಟ್ರು ಆ ಹಾಳೇನ ಪೆನ್ಸಿಲಲ್ಲಿ ಗುಣಿಸಿ ನೋಡಿ, ಟನ್ನನ್ನ ದರದಿಂದ ಗುಣಿಸಿದ್ರೆ ನೀವು ಬರೆದ ಮೊತ್ತ ಬರಲ್ಲ ಅಂತ ಪತ್ರ ಬರೆದ್ರು. ಪರಿಶೀಲಿಸಿದ್ವಿ, ಒಂದು ತಿಂಗಳ ಟನ್ ಹಳೇ ದರದಲ್ಲಿ ಸೇರಿಬಿಟ್ಟಿತ್ತು. ವ್ಯತ್ಯಾಸದ ಹಣ ಮುಂದಿನ ಕಂತಲ್ಲಿ ಹೋಯ್ತು, ಮೇಷ್ಟ್ರ ಪತ್ರದ ಒಂದು ಕಾಪಿ ನನ್ನ ಹತ್ರ ಇದೆ.