ಫೋನ್ ವೈರಿನಲ್ಲೇ ಎರಡು ಕಂಪ್ಯೂಟರ್ ಸೇರಿಸಿದ್ದು: ನನ್ನ ಅನುಭವ

2001ರಲ್ಲಿ ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಕಂಪ್ಯೂಟರ್ ಕೆಳಗೆ ಹಾಲ್‌ನಲ್ಲಿ, ಹೆಂಡತಿಯದು ಮಹಡಿ ಮೇಲಿನ ರೂಮಿನಲ್ಲಿ. ಡಯಲ್-ಅಪ್ (ಫೋನ್ ಲೈನಿನಲ್ಲಿ ಡಯಲ್ ಮಾಡಿ ಪಡೆಯುವ) ಇಂಟರ್ನೆಟ್ಟೂ ಪ್ರಿಂಟರೂ ಕೆಳಗೇ ಇದ್ದವು. ಅವಳು ಒಂದು ಪುಟ ಪ್ರಿಂಟ್ ತೆಗೆಯಬೇಕಾದರೂ ಫ್ಲಾಪಿ ಹಿಡಿದು ಮೆಟ್ಟಿಲು ಇಳಿದು ಬರಬೇಕು. ಗೋಡೆ ಕೊರೆಯಲು ಮಾಲೀಕರು ಒಪ್ಪಲಿಲ್ಲ. ವೈಫೈ ಆಗ ತುಂಬಾ ದುಬಾರಿ. ಆದರೆ ಅಲ್ಲಿನ ಮನೆಗಳಲ್ಲಿ ಹೆಚ್ಚುಕಡಿಮೆ ಎಲ್ಲ ರೂಮಿಗೂ ಆಗ ಫೋನ್ ಜ್ಯಾಕ್ ಇರುತ್ತಿತ್ತು. ಅಂದರೆ ತಂತಿ ಗೋಡೆಯೊಳಗೆ ಆಗಲೇ ಇದೆ, ಅಲ್ವಾ?

ಹೋಮ್‌ಪಿಎನ್‌ಎ 2.0 ಕಾರ್ಡ್ ಎರಡು ತಂದೆ. ಮನೆಯ ಫೋನ್ ತಂತಿಯಲ್ಲೇ ಕಂಪ್ಯೂಟರ್‌ಗಳನ್ನು ಸೇರಿಸುವ ಕಾರ್ಡ್ ಇದು. ಲೆಕ್ಕದಲ್ಲಿ ವೇಗ ಸೆಕೆಂಡಿಗೆ 10 ಮೆಗಾಬಿಟ್ (8 ಬಿಟ್‌ಗೆ ಒಂದು ಬೈಟ್). ಫೋನಿನ ಮಾತು 4 ಕಿಲೋಹರ್ಟ್ಸ್‌ನೊಳಗೆ ಮುಗಿಯುತ್ತದೆ, ಈ ಕಾರ್ಡುಗಳು ಕೆಲಸ ಮಾಡುವುದು 4ರಿಂದ 10 ಮೆಗಾಹರ್ಟ್ಸ್‌ನಲ್ಲಿ, ಹಾಗಾಗಿ ಒಂದೇ ತಂತಿಯಲ್ಲಿ ಎರಡೂ ಓಡಾಡಿದರೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಕಂಪ್ಯೂಟರ್‌ಗಳನ್ನು ಕೂಡಿಸುವ ಹಬ್ ಅನ್ನೋ ಡಬ್ಬಿ ಬೇಡ, ಹೊಸ ಕೇಬಲ್ ಬೇಡ. ಕಾರ್ಡ್ ಹಾಕಿ, ಮಾಮೂಲಿ ಫೋನ್ ವೈರನ್ನು ಜ್ಯಾಕ್‌ಗೆ ಚುಚ್ಚಿದರೆ ಆಯ್ತು.

ಚುಚ್ಚಿದೆ. ಏನೂ ಆಗಲಿಲ್ಲ. ಕಾರ್ಡ್ ನಡೆಸುವ ಡ್ರೈವರ್ ತಂತ್ರಾಂಶ ತೆಗೆದು ಮತ್ತೆ ಹಾಕಿದೆ, ಕಾರ್ಡ್ ಅದಲು ಬದಲು ಮಾಡಿದೆ, ಎರಡು ಸಂಜೆ ಹೋದವು. ಕೊನೆಗೆ ಹೆಂಡತಿಯೇ ಹೇಳಿದಳು, "ಮೇಲಿನ ರೂಮಿನ ಜ್ಯಾಕ್‌ಗೆ ಒಂದು ಫೋನ್ ಹಾಕಿ ನೋಡ್ರೀ" ಅಂತ. ಹಾಕಿದರೆ ಡಯಲ್ ಟೋನೇ ಇಲ್ಲ!

ಪ್ಲೇಟ್ ಬಿಚ್ಚಿದೆ. ಒಳಗೆ ನಾಲ್ಕು ತಂತಿ: ಕೆಂಪು, ಹಸಿರು, ಹಳದಿ, ಕಪ್ಪು. ಕೆಂಪು ಹಸಿರು ಮೊದಲ ಲೈನು, ಹಳದಿ ಕಪ್ಪು ಎರಡನೇ ಲೈನು. ಹಿಂದೆ ಯಾರೋ ಆ ರೂಮಿಗೆ ಬೇರೆ ನಂಬರ್ ತೆಗೆದುಕೊಂಡಿರಬೇಕು, ಹಳದಿ ಕಪ್ಪನ್ನು ಮೊದಲ ಲೈನಿನ ಸ್ಕ್ರೂಗಳಿಗೆ ಬಿಗಿದು, ಕೆಂಪು ಹಸಿರನ್ನು ಸುತ್ತಿ ಹಿಂದಕ್ಕೆ ತುರುಕಿದ್ದರು. ಎರಡು ಕಾರ್ಡೂ ಒಂದೇ ಜೋಡಿ ತಂತಿಯ ಮೇಲಿರಬೇಕು, ಇಲ್ಲದಿದ್ದರೆ ಒಂದಕ್ಕೊಂದು ಕಾಣಿಸುವುದಿಲ್ಲ. ನೀವು ಬೇರೇನೂ ನೋಡದಿದ್ದರೂ ಇದೊಂದನ್ನು ಮೊದಲು ನೋಡಿ.

ತಂತಿ ಮುಟ್ಟುವ ಮುಂಚೆ ಮನೆ ಹೊರಗೆ ಫೋನ್ ಲೈನ್ ಬಂದು ಸೇರುವ ಬೂದು ಡಬ್ಬಿಯಲ್ಲಿ ಲೈನ್ ಬಿಚ್ಚಿಡಿ. ರಿಂಗ್ ಬಂದಾಗ ಆ ತಂತಿಯಲ್ಲಿ ಸುಮಾರು 90 ವೋಲ್ಟ್ ಇರುತ್ತದೆ, ಅದನ್ನು ಹಗುರವಾಗಿ ತಿಳಿಯಬೇಡಿ. ಮಾಮೂಲಿ ಈಥರ್‌ನೆಟ್ ಕಾರ್ಡಿಗಂತೂ ಫೋನ್ ಲೈನ್ ಹಾಕಲೇಬೇಡಿ.

ಕೆಂಪು ಹಸಿರು ಬಿಗಿದ ಮೇಲೆ ಕಾರ್ಡಿನ ದೀಪ ಹತ್ತಿತು. ಉಳಿದದ್ದು ಸುಲಭ. ವಿಂಡೋಸ್ 98 ಸೆಕೆಂಡ್ ಎಡಿಷನ್‌ನಲ್ಲಿ ಇಂಟರ್ನೆಟ್ ಹಂಚುವ ಸೌಲಭ್ಯ ಇತ್ತು. ಕೆಳಗಿನ ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ 192.168.0.1 ಆಯಿತು, ಮೇಲಿನದು ತಾನೇ ವಿಳಾಸ ಪಡೆಯಿತು. 100 ಎಂಬಿ ಫೋಟೋ ಕಳಿಸಲು ಮೂರು ನಿಮಿಷ ಹಿಡಿಯಿತು. ಹೇಳಿದ ವೇಗದ ಅರ್ಧವೂ ಇಲ್ಲ, ಆದರೆ ಫ್ಲಾಪಿಯಲ್ಲಾದರೆ ಎಪ್ಪತ್ತು ಫ್ಲಾಪಿ ಬೇಕಿತ್ತು!

ಆ ಭಾನುವಾರ ಮೈಸೂರಿಗೆ ಫೋನ್ ಮಾಡಿದೆ. ಅಮ್ಮ ಮಾತಾಡುತ್ತಿದ್ದಾಗಲೇ ಅದೇ ತಂತಿಯಲ್ಲಿ ಫೋಟೋಗಳು ಮೇಲಕ್ಕೆ ಹೋಗುತ್ತಿದ್ದವು. ಕಿವಿಯಲ್ಲಿ ಒಂದು ಚೂರೂ ಗರಗರ ಇಲ್ಲ.