‘1.30 ಗಂಟೆ’ ಅಂದ್ರೆ ಎಷ್ಟು ನಿಮಿಷ?

ಡ್ರಿಪ್ ಮೋಟರ್ ಎಷ್ಟು ಹೊತ್ತು ಓಡಬೇಕು ಅಂತ ಕೋಲಾರ ಜಿಲ್ಲೆಯ ಕೆಲವು ರೈತರು ಮೊಬೈಲಿನಿಂದ ಮೆಸೇಜ್ ಹಾಕುತ್ತಾರೆ. ಅದನ್ನು ಓದಿ ಸೆಕೆಂಡಿಗೆ ಬದಲಿಸುವ, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಕೋಡ್ ನಾನು ಬರೆದದ್ದು. ಕೋಡ್ ಚಿಕ್ಕದು, ಅದು ಸರಿಯಾಗಿ ಓದುತ್ತದೆಯೇ ಅಂತ ನೋಡುವ ಟೆಸ್ಟ್ ಅದರ ಎಷ್ಟೋ ಪಟ್ಟು. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಿರುವ ಊರಲ್ಲಿ ನೀರನ್ನು ಅಂದಾಜಿನ ಮೇಲೆ ಬಿಡೋಕಾಗಲ್ಲ.

ಟೆಸ್ಟಿಗೆ ಬೇಕಾದ ಮಾತುಗಳನ್ನು ನಾನು ಕಲ್ಪಿಸಿಕೊಳ್ಳಲಿಲ್ಲ. ಬಂದ ಮೆಸೇಜುಗಳನ್ನೇ ತೆಗೆದುಕೊಂಡೆ: ‘ಮುಕ್ಕಾಲು ಗಂಟೆ’, ‘ಒಂದೂವರೆ ಘಂಟೆ’, ‘20 ನಿಮ್ಷ’. ಶ್ರೀನಿವಾಸಪುರ, ಮುಳಬಾಗಿಲು ಕಡೆ ತೆಲುಗು ಮನೆಮಾತಿನವರು ಜಾಸ್ತಿ, ಅಲ್ವಾ? ಅವರಿಂದ ‘ಗಂಟನ್ನರ’ (ಒಂದೂವರೆ ಗಂಟೆ), ‘ಅರಗಂಟ’ (ಅರ್ಧ ಗಂಟೆ) ಕೂಡ ಬಂತು. ಒಂದೊಂದರ ಎದುರಿಗೂ ಇರಬೇಕಾದ ಸೆಕೆಂಡನ್ನು ಬರೆದವರನ್ನೇ ಕೇಳಿ ತುಂಬಿದೆ. ಟೆಸ್ಟ್ ಓಡಿಸುವ ಪೈಟೆಸ್ಟ್ ಎಂಬ ಸಾಧನದ ‘ಪ್ಯಾರಾಮೆಟ್ರೈಜ್’ ಸೌಲಭ್ಯಕ್ಕೆ ಈ ಪಟ್ಟಿಯನ್ನು ಕೊಟ್ಟರೆ ಒಂದೊಂದು ಸಾಲೂ ಒಂದೊಂದು ಟೆಸ್ಟ್ ಆಗುತ್ತದೆ.

ಜಾಸ್ತಿ ತಲೆ ಕೆಡಿಸಿದ್ದು ‘1.30 ಗಂಟೆ’. ಲೆಕ್ಕದ ಪ್ರಕಾರ ಅದು 78 ನಿಮಿಷ. ಬರೆದವರ ಮನಸ್ಸಿನಲ್ಲಿರುವುದು 90. ಹಾಗಂತ ಚುಕ್ಕೆಯ ಮುಂದಿನದ್ದೆಲ್ಲ ನಿಮಿಷ ಅಂದುಕೊಂಡರೆ ‘1.5 ಗಂಟೆ’ ಬರೆದವರಿಗೆ 65 ನಿಮಿಷವೇ ನೀರು ಸಿಗುತ್ತದೆ. ಚುಕ್ಕೆಯ ಮುಂದೆ 5 ಒಂದೇ ಇದ್ದರೆ ಅದು ಅರ್ಧ ಗಂಟೆ. ಎರಡು ಅಂಕಿ ಇದ್ದರೆ ಮೋಟರ್ ಶುರು ಮಾಡದೆ ‘1 ಗಂಟೆ 30 ನಿಮಿಷ ತಾನೇ?’ ಅಂತ ವಾಪಸ್ ಕೇಳಬೇಕು. ನಾನು ಇಟ್ಟ ನಿಯಮ ಇದು. ಆ ಪ್ರಶ್ನೆ ಸರಿಯಾಗಿ ಹೋಗುತ್ತದೆಯೇ ಅನ್ನೋದಕ್ಕೂ ಟೆಸ್ಟ್ ಇದೆ. ಹೀಗೆ ಮಾತನ್ನು ಓದಿ ಅರ್ಥ ಬಿಡಿಸುವ ಕೋಡಿಗೆ ಪಾರ್ಸರ್ ಅಂತಾರೆ. ಅನುಮಾನ ಬಂದಾಗ ಊಹೆ ಮಾಡುವ ಪಾರ್ಸರ್‌ಗಿಂತ ಕೇಳುವ ಪಾರ್ಸರ್ ನನಗೆ ಇಷ್ಟ.

ಕಣ್ಣಿಗೆ ಕಾಣದ ತೊಡಕೂ ಇದೆ. ‘ಸೆಕೆಂಡ್‌ಗಳು’ ಅಂತ ಟೈಪ್ ಮಾಡುವಾಗ ‘ಡ್’ ಮತ್ತು ‘ಗ’ ಒತ್ತಕ್ಷರವಾಗಿ ಸೇರದಂತೆ ಮಧ್ಯೆ ಒಂದು ಅಗೋಚರ ಯುನಿಕೋಡ್ ಚಿಹ್ನೆ ಬರುತ್ತದೆ. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕಲ್ಲ. ಎರಡೂ ಟೆಸ್ಟಿನಲ್ಲಿರಬೇಕು. ‘೩೦’ ಅಂತ ಕನ್ನಡ ಅಂಕಿ ಬರೆದರೆ ಪೈಥಾನ್ ಹಾಗೇ ಓದುತ್ತದೆ, ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಭಾಷೆಯ ‘ನಂಬರ್’ ಫಂಕ್ಷನ್ ಓದಲ್ಲ.

ಸೆಕೆಂಡನ್ನು ಪೂರ್ಣಾಂಕದಲ್ಲೇ ಇಟ್ಟೆ, ದಶಮಾಂಶದ ಲೆಕ್ಕ ಕಂಪ್ಯೂಟರಿನಲ್ಲಿ ಚೂರು ತಪ್ಪಬಹುದು. ಪೈಥಾನ್‌ನಲ್ಲಿ 1.1ನ್ನು 3600ರಿಂದ ಗುಣಿಸಿ ನೋಡಿ, 3960.0000000000005 ಬರುತ್ತದೆ.

ತಿರಸ್ಕರಿಸಬೇಕಾದವುಗಳ ಪಟ್ಟಿ ಬೇರೆ: ಖಾಲಿ ಮೆಸೇಜ್, ಬರೀ ‘10’, ‘-5 ನಿಮಿಷ’, ‘1 ಗಂಟೆ 1 ಗಂಟೆ’. ‘ದಿನ’ ಅನ್ನೋದನ್ನೂ ಸೇರಿಸಿದೆ. ಗೋ (Go) ಎಂಬ ಪ್ರೋಗ್ರಾಮಿಂಗ್ ಭಾಷೆಯ ಅವಧಿ ಓದುವ ಪಾರ್ಸರ್ ಕೂಡ ದಿನವನ್ನು ಒಪ್ಪಲ್ಲ, ಗಡಿಯಾರ ಹಿಂದೆ ಮುಂದೆ ಮಾಡುವ ದೇಶಗಳಲ್ಲಿ ಎಲ್ಲ ದಿನಕ್ಕೂ 24 ಗಂಟೆ ಇರಲ್ಲವಲ್ಲ. ನನ್ನ ಕಾರಣ ಇನ್ನೂ ಸರಳ: ಯಾವ ಮೋಟರನ್ನೂ ದಿನಗಟ್ಟಲೆ ಓಡಿಸಬಾರದು.

ಕೊನೆಗೆ ಹೈಪಾಥಿಸಿಸ್ ಎಂಬ ಸಿದ್ಧ ಟೆಸ್ಟ್ ಕೋಡ್ (ಲೈಬ್ರರಿ) ಬಳಸಿದೆ. ಅದು ತನಗೆ ತೋಚಿದ ಸೆಕೆಂಡುಗಳನ್ನು ಕೊಡುತ್ತದೆ, ಅದನ್ನು ಮಾತಿಗೆ ಬದಲಿಸಿ ಮತ್ತೆ ಓದಿದಾಗ ಅದೇ ಸಂಖ್ಯೆ ಬರಬೇಕು. ಒಳ್ಳೆಯ ಪರೀಕ್ಷೆ, ಆದರೆ ನನ್ನ ಕೋಡ್ ಬರೆಯುವ ಮಾತನ್ನಷ್ಟೇ ಅದು ನೋಡುತ್ತದೆ. ‘ಮುಕ್ಕಾಲು’ ಅಲ್ಲಿ ಬರುವುದೇ ಇಲ್ಲ. ಅದಕ್ಕೇ ಹೊಸ ಥರದ ಮೆಸೇಜ್ ಬಂದರೆ ಮೊದಲು ಪಟ್ಟಿಗೆ ಒಂದು ಸಾಲು ಸೇರಿಸುತ್ತೇನೆ, ಕೋಡ್ ಮುಟ್ಟುವುದು ಆಮೇಲೆ.